ಐದು ಪೆಟ್ಟಿಗೆ, ಒಂದು ಮೊಳೆ

ಮಾಲಿನಿಯ ಬಲಗೈ ಬಗ್ಗೆ ಅವಳ ಕಾರ್ಖಾನೆಯವರಿಗೆ ಇದ್ದಷ್ಟೇ ಕಾಳಜಿ ಅವಳ ಗಂಡ ಶಶಿಕುಮಾರನಿಗೂ ಇತ್ತು. ಮೂರು ಭಾಷೆ ಕೂಡುವ ಗಡಿಯೂರು ಹೊಸೂರಿನ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಅವಳದು ಭೂತಗನ್ನಡಿಯ ಕೆಳಗೆ ಕೂದಲೆಳೆಯಂಥ ತಂತಿಗಳನ್ನು ಬೆಸೆಯುವ ಕೆಲಸ. ಬೆರಳಿಗೆ ಸಣ್ಣ ಗಾಯವಾದರೂ ಸಾಲಿನಿಂದ ಎಬ್ಬಿಸಿ ಪ್ಯಾಕಿಂಗ್ ವಿಭಾಗಕ್ಕೆ ಕಳಿಸುತ್ತಿದ್ದರು. ಅಲ್ಲಿಗೆ ಹೋದವರು ಮತ್ತೆ ಭೂತಗನ್ನಡಿಯ ಮುಂದೆ ಕೂತದ್ದು ಕಡಿಮೆ. ಹಾಗಾಗಿ ಅವಲಪಲ್ಲಿಯ ಅವರ ಬಾಡಿಗೆ ಮನೆಯಲ್ಲಿ ಈಳಿಗೆಮಣೆಯ ಮುಂದೆ ಕೂರುತ್ತಿದ್ದವನು ಶಶಿಯೇ. ಅಂಥ ಕೈಯನ್ನು ಆಯುಧಪೂಜೆಯ ದಿನ ಊರ ಜನರೆದುರು ಮೊಳೆಯ ಮೇಲೆ ಒಯ್ಯಬೇಕೆಂಬ ಯೋಚನೆ ಅವನದಲ್ಲ. ಮಾಲಿನಿಯದೇ.

ಶಶಿ ವಾಹನಗಳ ಬಿಡಿಭಾಗ ತಯಾರಿಸುವ ಇನ್ನೊಂದು ಕಾರ್ಖಾನೆಯಲ್ಲಿ ಪ್ರೆಸ್ ಮಷೀನ್ ಆಪರೇಟರ್. ರಜೆಯ ದಿನ ಹುಟ್ಟುಹಬ್ಬಗಳಿಗೆ, ಶಾಲೆಯ ವಾರ್ಷಿಕೋತ್ಸವಗಳಿಗೆ ಹೋಗಿ ಜಾದು ಮಾಡುತ್ತಿದ್ದ. ಕಳೆದ ವರ್ಷ ತನ್ನದೇ ಕಾರ್ಖಾನೆಯ ಆಯುಧಪೂಜೆಯಲ್ಲಿ ಒಂದು ನಟ್ಟನ್ನು ಮಾಯ ಮಾಡಲು ಹೋಗಿ ಸಿಕ್ಕಿಬಿದ್ದಿದ್ದ. ನಟ್ಟು ಜೇಬಿಗಿಳಿಯುವ ಗಳಿಗೆಯಲ್ಲಿ ಜನ ನಗುತ್ತಿರಲೆಂದು ತಮಿಳಿನಲ್ಲಿ, ಆಮೇಲೆ ಕನ್ನಡದಲ್ಲಿ ಒಂದು ತಮಾಷೆ ಹೇಳಿದ್ದ. ಪಕ್ಕದಲ್ಲಿ ನಿಂತಿದ್ದ ಲೈನ್ ಸೂಪರ್‌ವೈಸರ್ ಜಗನ್ ನಗಲಿಲ್ಲ. “ಎಡಗಡೆ ಜೇಬು ನೋಡ್ರಪ್ಪಾ” ಎಂದುಬಿಟ್ಟ. ಆಗ ಎಲ್ಲರೂ ನಕ್ಕರು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಗ್ರೂಪುಗಳಿಗೆ ಹಾಕಿದರು. ಅಂದಿನಿಂದ ಕ್ಯಾಂಟೀನಿನಲ್ಲಿ ಶಶಿಯ ಹೆಸರು ಎಡಜೇಬು.

ಶಶಿ ಜಾದು ಮಾಡುವಾಗ ಮಾಲಿನಿ ವೇದಿಕೆಯನ್ನು ನೋಡುತ್ತಿರಲಿಲ್ಲ; ಜನರನ್ನು ನೋಡುತ್ತಿದ್ದಳು. ಮನೆಗೆ ಹೊರಟ ಬೈಕು ಗೇಟು ದಾಟುವ ಮೊದಲೇ ಅವನ ತಪ್ಪು ಎಣಿಸಲು ಶುರುಮಾಡುವುದು ಅವಳ ರೂಢಿ. ಅಂದೂ ಹಾಗೇ ಶುರುಮಾಡಿದ್ದಳು.

“ತಮಿಳಲ್ಲಿ ಹೇಳುದ್ರಿ, ಒಂದಷ್ಟು ಜನ ನಕ್ರು. ಅದನ್ನೇ ಕನ್ನಡದಲ್ಲಿ ಹೇಳುದ್ರಿ, ಅಂಚೆಟ್ಟಿ ಕಡೆಯಿಂದ ಬಂದಿದ್ದೋರು ನಕ್ರು. ತೆಲುಗಿನೋರು ಕೊನೇಲಿ. ಒಬ್ರು ನಗ್ತಿರೋವಾಗ ಇನ್ನೊಬ್ರು ನಿಮ್ ಕೈಯೇ ನೋಡ್ತಿದ್ರು. ಈ ಊರಲ್ಲಿ ಎಲ್ರಿಗೂ ಒಟ್ಟಿಗೆ ನಗು ಬರಲ್ಲ ಕಣ್ರೀ.”

“ಹಂಗಾದ್ರೆ ಮೂರು ಭಾಷೇನೂ ಕಲಸಿ ಒಂದೇ ಸಲ ಹೇಳ್ಲಾ?”

“ಏನೂ ಹೇಳ್ಬೇಡಿ. ಹೆದ್ರಿಸಿ. ಹೆದ್ರಿಕೆ ಬಂದ್ರೆ ಎಲ್ರಿಗೂ ಒಂದೇ ಸಲ ಬತ್ತದೆ.”

ಅವಳು ಹೇಳುತ್ತಿದ್ದ ಬದಲಾವಣೆಗಳೆಲ್ಲ ಸಣ್ಣವೇ. ಡಬ್ಬಿ ಖಾಲಿ ಎಂದು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಯಾರಿಗೂ ಇಲ್ಲದ ಅನುಮಾನ ಹುಟ್ಟುತ್ತದೆ. ಸುಮ್ಮನೆ ಡಬ್ಬಿಯಿಂದ ಕರ್ಚೀಫು ತೆಗೆದು ಬೆವರು ಒರೆಸಿಕೊಂಡರೆ ಸಾಕು, ಖಾಲಿಯಾಗಿದ್ದನ್ನು ಜನರೇ ಕಂಡುಕೊಳ್ಳುತ್ತಾರೆ. ಹೊಳೆಯುವ ಜರಿಯ ಕೋಟು ಬೇಡ, ಕಾರ್ಖಾನೆಯ ಯೂನಿಫಾರಮ್ಮೇ ಇರಲಿ. ಕೋಟು ಹಾಕಿದವನು ಮೋಸ ಮಾಡುತ್ತಾನೆಂದು ಜನ ಮೊದಲೇ ತಯಾರಾಗಿ ಕೂತಿರುತ್ತಾರೆ. ಹೀಗೆ ಒಂದೊಂದೇ ತಿದ್ದುತ್ತ ತಿದ್ದುತ್ತ ಅವಳು ಮೊಳೆಯ ಆಟಕ್ಕೆ ಬಂದಿದ್ದಳು.

ಅದು ಶಶಿಯ ಹಳೆಯ ಆಟ. ಅಂಗೈ ಅಗಲದ ಐದು ಮರದ ಪೆಟ್ಟಿಗೆಗಳು, ಒಂದರಲ್ಲಿ ಮಾತ್ರ ತುದಿ ಮೇಲಾಗಿ ನಿಂತ ಮೊಳೆ. ಅವನು ಬೆನ್ನು ತಿರುಗಿಸಿ ನಿಂತಾಗ ಜನರಲ್ಲೊಬ್ಬರು ಬಂದು ಐದಕ್ಕೂ ಕಾಗದ ಹೊದಿಸಿ, ರಬ್ಬರ್ ಬ್ಯಾಂಡ್ ಬಿಗಿದು, ಅದಲುಬದಲು ಮಾಡಿ ಸಾಲಾಗಿ ಇಡಬೇಕು. ಶಶಿ ತಿರುಗಿ, ಒಂದಾದಮೇಲೊಂದು ಪೆಟ್ಟಿಗೆಯ ಮೇಲೆ ಅಂಗೈಯಿಂದ ಅಪ್ಪಳಿಸಿ, ಮೊಳೆಯಿರುವ ಪೆಟ್ಟಿಗೆಯೊಂದನ್ನು ಉಳಿಸುತ್ತಿದ್ದ. ಗುಟ್ಟು ಬಹಳ ಸರಳ: ಮೊಳೆಯ ಪೆಟ್ಟಿಗೆಯ ತಳದ ಮೂಲೆಗಳಲ್ಲಿ ಉಳಿಯಿಂದ ಒಂದೊಂದು ಚೂರು ಕೆತ್ತಿದ್ದ. ಯಾವ ಕಡೆ ತಿರುಗಿಸಿ ಇಟ್ಟರೂ ಅವನ ಕಣ್ಣಿಗೆ ಅದು ಬೀಳುತ್ತಿತ್ತು, ಬೇರೆಯವರಿಗೆ ಮರ ಸವೆದಂತೆ ಕಾಣುತ್ತಿತ್ತು.

“ನಿಮ್ ಕೈ ನೀವೇ ಮೊಳೆ ಮೇಲೆ ಹಾಕ್ಕೊಳಲ್ಲ ಅಂತ ಮಗೂಗೂ ಗೊತ್ತು,” ಎಂದಳು ಮಾಲಿನಿ. “ನನ್ ಕೈ ಇಡಿ. ಬಲಗೈ.”

“ಎಡಗೈ ಸಾಕು.”

“ಎಡಗೈಗೆ ಯಾರು ಉಸಿರು ಹಿಡೀತಾರೆ? ನಾನೇನ್ ಕೆಲ್ಸ ಮಾಡ್ತೀನಿ ಅಂತ ನಿಮ್ ಫ್ಯಾಕ್ಟ್ರಿ ಹೆಂಗಸ್ರಿಗೆಲ್ಲ ಗೊತ್ತು. ಮತ್ತೆ, ಮೊಳೆ ಬಚ್ಚಿಡೋಕೆ ಜಗನ್‌ನೇ ಕರೀರಿ. ನಿಮ್ ಕಡೆಯೋನು ಅಂತ ಯಾರೂ ಅನ್ನಕ್ಕಾಗಲ್ಲ.”

ಶಶಿ ಒಪ್ಪಿಕೊಂಡ. ಗುರುತು ಇರುವವರೆಗೆ ಅಪಾಯ ಇರಲಿಲ್ಲ.

ಹಬ್ಬದ ಹಿಂದಿನ ದಿನ ಶಿಫ್ಟ್ ಮುಗಿದ ಮೇಲೆ ಅವನು ಪೆಟ್ಟಿಗೆಗಳನ್ನು ಚಿನ್ನಸ್ವಾಮಿಯ ಕೈಗೆ ಕೊಟ್ಟ. ಗುಮ್ಮಳಾಪುರದ ಚಿನ್ನಸ್ವಾಮಿ ಪೇಂಟಿಂಗ್ ವಿಭಾಗದವನು, ಕಾರ್ಖಾನೆಯ ಪೂಜೆಯೆಲ್ಲ ಅವನ ಉಸ್ತುವಾರಿ. ಸ್ಪ್ಯಾನರು, ಸುತ್ತಿಗೆ, ಅಳತೆಯ ಗೇಜುಗಳ ಜೊತೆ ಇವನ್ನೂ ದೇವರ ಮುಂದೆ ಇಡು, ಇವು ನನ್ನ ಇನ್ನೊಂದು ಕಸುಬಿನ ಆಯುಧ ಎಂದು ಶಶಿ ಹೇಳಿದ. ಚಿನ್ನಸ್ವಾಮಿಗೆ ಅದು ಬಹಳ ಸರಿಯೆನಿಸಿತು.

ಮರುದಿನ ಗೇಟಿನಲ್ಲಿ ಬೂದುಗುಂಬಳ ಒಡೆದು, ಮಷೀನುಗಳಿಗೆ ಆರತಿಯಾಗಿ, ಕಡ್ಲೆಪುರಿಯ ಪೊಟ್ಟಣ ಹಂಚುವ ಹೊತ್ತಿಗೆ ಕ್ಯಾಂಟೀನು ಕಾರ್ಮಿಕರ ಮನೆಮಂದಿಯಿಂದ ತುಂಬಿತ್ತು. ವೇದಿಕೆಯ ಮೇಜಿನ ಮೇಲೆ ಪೆಟ್ಟಿಗೆಗಳನ್ನು ಕೆಂಪು ವಸ್ತ್ರ ಮುಚ್ಚಿ ಚಿನ್ನಸ್ವಾಮಿಯೇ ತಂದಿಟ್ಟಿದ್ದ. ಮಾತಿಲ್ಲದ ಆಟವಾದ್ದರಿಂದ ಶಶಿ ಮೈಕನ್ನು ಪಕ್ಕಕ್ಕೆ ಸರಿಸಿದ. ಮಾಲಿನಿ ಬಂದು ಮೇಜಿನ ಬಳಿ ನಿಂತಳು. ಶಶಿ ಜಗನ್‌ನತ್ತ ಕೈ ಚಾಚಿದ.

“ಏನ್ ಎಡಜೇಬು, ನನ್ನೇ ಕರೀತೀಯಾ?” ಜಗನ್ ಪ್ಯಾಂಟು ಮೇಲೆಳೆದುಕೊಳ್ಳುತ್ತ ಮೆಟ್ಟಿಲು ಹತ್ತಿದ. “ಆಮೇಲೆ ಅಳ್ಬಾರ್ದು.”

ಮುಂದಿನ ಸಾಲುಗಳು ನಕ್ಕವು. ಶಶಿ ವಸ್ತ್ರ ತೆಗೆದ.

ಪೆಟ್ಟಿಗೆಗಳು ಹೊಸ ಬಣ್ಣದಲ್ಲಿ ಹೊಳೆಯುತ್ತಿದ್ದವು. ಮಷೀನುಗಳಿಗೆ ಹೊಡೆಯುವ ಅದೇ ನೀಲಿ ಬಣ್ಣ. ಒಂದೊಂದರ ಮೈಮೇಲೂ ಮೂರು ಗೆರೆ ವಿಭೂತಿ, ನಡುವೆ ಕುಂಕುಮ. ಹಬ್ಬಕ್ಕೆ ಮಷೀನಿಗೆಲ್ಲ ಬಣ್ಣ ಹೊಡೆಯುವಾಗ ಇವಕ್ಕೂ ಹೊಡೆದಿದ್ದಾನೆ ಎಂದುಕೊಂಡ ಶಶಿ. ಕೆತ್ತಿದ ಮೂಲೆ ಬಣ್ಣ ಹೊಡೆದರೂ ಕೆತ್ತಿದಂತೆಯೇ ಇರುತ್ತದೆ. ಹಾಗೆ ಸಮಾಧಾನ ಮಾಡಿಕೊಂಡು ಬೆನ್ನು ತಿರುಗಿಸಿದ. ಚಿನ್ನಸ್ವಾಮಿ ಜನರಿಗೂ ಮಾಲಿನಿಗೂ ಕಾಣದ ಹಾಗೆ ಮೇಜಿಗೆ ಬಿಳಿ ಪಂಚೆಯೊಂದನ್ನು ಅಡ್ಡ ಹಿಡಿದು, ತಾನೂ ಮುಖ ಆಚೆ ತಿರುಗಿಸಿದ. ಮೊಳೆ ಎಲ್ಲಿದೆಯೆಂದು ಜಗನ್ ಒಬ್ಬನಿಗೇ ಗೊತ್ತಿರಬೇಕು. ಅದೂ ಮಾಲಿನಿ ಹೇಳಿದ್ದೇ.

ಹಿಂದೆ ಪೆಟ್ಟಿಗೆಗಳು ಮೇಜಿನ ಮೇಲೆ ಸರಿದಾಡುವ ಸದ್ದು ಬಹಳ ಹೊತ್ತು ಕೇಳಿತು.

“ಆಯ್ತು, ತಿರುಗು,” ಎಂದ ಜಗನ್.

ಶಶಿ ತಿರುಗಿದ. ಪಂಚೆ ಕೆಳಗಿಳಿಯಿತು. ಅವನು ಎಡಗಡೆಯಿಂದ ಮೂಲೆಗಳನ್ನು ನೋಡುತ್ತ ಬಂದ. ಮೊದಲನೆಯದು ಸರಿಯಾಗಿತ್ತು. ಎರಡನೆಯದೂ. ಐದನೆಯದರವರೆಗೂ ಒಂದು ಮೂಲೆಯಲ್ಲೂ ಕಚ್ಚು ಕಾಣಲಿಲ್ಲ. ಮತ್ತೆ ಬಲಗಡೆಯಿಂದ ನೋಡಿದ.

ಪಂಚೆ ಮಡಿಸುತ್ತಿದ್ದ ಚಿನ್ನಸ್ವಾಮಿ ಅವನ ಕಿವಿಯ ಹತ್ತಿರ ಬಂದ. “ಹೆಂಗೈತಣ್ಣ ಪೇಂಟು? ಒಂದ್ ಪೆಟ್ಗೆ ಮೂಲೆ ಎಲ್ಲಾ ಕಿತ್ತೋಗ್ಬುಟ್ಟಿತ್ತು. ದೇವರ ಮುಂದೆ ಮುಕ್ಕಾಗಿರೋದು ಇಡಬಾರ್ದು ಅಂತ ಪುಟ್ಟಿ ತುಂಬಿ ಉಜ್ಜಿ ಸರಿ ಮಾಡ್ಬುಟ್ಟೆ.”

“ಚೆನ್ನಾಗೈತೆ,” ಎಂದ ಶಶಿ.

ಚಿನ್ನಸ್ವಾಮಿ ಖುಷಿಯಿಂದ ಕೆಳಗಿಳಿದು ಹೋದ.

ಮಾಲಿನಿ ಆಗಲೇ ಬಲಗೈ ಚಾಚಿದ್ದಳು. ಅಂಗೈ ಕೆಳಮುಖವಾಗಿ, ಬೆರಳು ಬಿಡಿಸಿ, ಅಭ್ಯಾಸದಲ್ಲಿ ಚಾಚುತ್ತಿದ್ದಂತೆಯೇ. ಶಶಿ ಅದನ್ನು ಹಿಡಿದುಕೊಂಡ. ಅವಳಿಗೆ ಹೇಳಬೇಕಿತ್ತು. ಆದರೆ ಯಾವ ಭಾಷೆಯಲ್ಲಿ ಹೇಳುವುದು? ಕನ್ನಡ ಜಗನ್‌ಗೆ ಬರುತ್ತಿತ್ತು, ತಮಿಳು ಬರುತ್ತಿತ್ತು, ತೆಲುಗು ಅವನ ಮನೆಮಾತು. ಗಂಡ ಹೆಂಡತಿ ಗುಟ್ಟಾಗಿ ಆಡಿಕೊಳ್ಳಬಹುದಾದ ಮಾತು ಆ ವೇದಿಕೆಯ ಮೇಲೆ ಯಾವುದೂ ಇರಲಿಲ್ಲ.

ನಿಲ್ಲಿಸಬಹುದಿತ್ತು. ಮೈಕು ಒಂದು ಹೆಜ್ಜೆ ದೂರದಲ್ಲಿತ್ತು. ಅದನ್ನು ಎತ್ತಿಕೊಂಡು, ಏನೋ ಎಡವಟ್ಟಾಗಿದೆ, ಇವತ್ತು ಬೇಡ ಎಂದರೆ ಮುಗಿಯುತ್ತಿತ್ತು. ಶಶಿ ಮೈಕಿನ ಕಡೆ ನೋಡಿದ್ದೂ ಹೌದು. ಮುಂದಿನ ಸಾಲಿನಲ್ಲಿ ಮೂರ್ನಾಲ್ಕು ಮೊಬೈಲುಗಳು ಎದ್ದು ನಿಂತಿದ್ದವು.

“ಏನ್ ಶಶಿ, ಬ್ಯಾಟ್ರಿ ಡೌನಾ?” ಎಂದ ಜಗನ್.

ಶಶಿಯ ಮೆದುಳು ಆಗ ಹುಡುಕಿದ್ದು ನಿಲ್ಲಿಸುವ ದಾರಿಯನ್ನಲ್ಲ, ಮುಂದುವರಿಸುವ ದಾರಿಯನ್ನು. ಪ್ರೆಸ್ ವಿಭಾಗದಲ್ಲಿ ಹೊಸಬರಿಗೆ ಕೆಲಸ ಕಲಿಸುವುದು ಅವನ ಪಾಲಿಗೆ ಬರುತ್ತಿತ್ತು. ಹೊಸಬರ ಕೈಮೇಲೆ ಕೈಯಿಟ್ಟು ಮಷೀನಿನ ಹಿಡಿ ಎಳೆಸುವಾಗ ಅವರಿಗೆ ಹೆದರಿಕೆಯಾದರೆ ಮುಖಕ್ಕಿಂತ ಮೊದಲು ಮಣಿಕಟ್ಟು ಹೇಳುತ್ತಿತ್ತು. ಕೂದಲೆಳೆಯಷ್ಟು ಹಿಂದಕ್ಕೆ ಜಗ್ಗುತ್ತಿತ್ತು, ಅವರಿಗೇ ತಿಳಿಯದಂತೆ. ಮೊಳೆ ಎಲ್ಲಿದೆಯೆಂದು ಬಲ್ಲ ಕೈ ಇಲ್ಲಿ ಒಂದೇ ಇತ್ತು, ಜಗನ್‌ನದು.

“ಸಾರ್, ನಿಮ್ ಕೈನೂ ಬೇಕು. ಮೇಲಿಡಿ,” ಎಂದ.

ಜಗನ್ ಮಾಲಿನಿಯ ಕೈ ನೋಡಿ ಹಿಂಜರಿದ. ಬೇರೆಯವರ ಹೆಂಡತಿಯ ಕೈ ಮುಟ್ಟಲು ಅವನೂ ತಯಾರಿರಲಿಲ್ಲ, ಎದುರಿಗೆ ಕೂತಿದ್ದ ಅವನ ಹೆಂಡತಿ ವರಲಕ್ಷ್ಮಿಯೂ ಬಿಡುತ್ತಿರಲಿಲ್ಲ. ಶಶಿ ತನ್ನ ಅಂಗೈಯನ್ನು ಮಾಲಿನಿಯ ಕೈಮೇಲೆ ಹರಡಿದ. “ನನ್ ಕೈ ಮೇಲಿಡಿ, ಸಾರ್.”

ಜಗನ್‌ನ ದಪ್ಪ ಅಂಗೈ ಅವನ ಕೈಬೆನ್ನ ಮೇಲೆ ಬಂದು ಕೂತಿತು. ಒಂದರ ಮೇಲೊಂದು ಮೂರು ಕೈ. ಕ್ಯಾಂಟೀನಿನಲ್ಲಿ ಕಡ್ಲೆಪುರಿ ಜಗಿಯುವ ಸದ್ದು ನಿಂತಿತು.

ಅಭ್ಯಾಸದಲ್ಲಿ ಅವರು ಯಾವ ಪೆಟ್ಟಿಗೆಯ ಮೇಲೂ ತಡೆಯುತ್ತಿರಲಿಲ್ಲ. ಮೊದಲನೆಯದರತ್ತ ನೇರ ಹೋಗಿ ಅಪ್ಪಳಿಸುತ್ತಿದ್ದರು. ತಡೆದರೆ ಯೋಚಿಸುತ್ತಿದ್ದಾನೆಂದು ಜನರಿಗೆ ಗೊತ್ತಾಗುತ್ತದೆ ಎಂದು ಮಾಲಿನಿಯೇ ತಿದ್ದಿದ್ದಳು. ಇವತ್ತು ಶಶಿ ಮೊದಲನೆಯ ಪೆಟ್ಟಿಗೆಯ ಮೇಲೆ ತಡೆದ. ಜಗನ್‌ನ ಕೈ ಸಡಿಲವಾಗಿ, ನೀರು ತುಂಬಿದ ಚೀಲದಂತೆ ಭಾರವಾಗಿ ಕೂತಿತ್ತು. ತನ್ನ ಕೈಯಡಿಯಲ್ಲಿ ಮಾಲಿನಿಯ ಬೆರಳುಗಳು ಒಮ್ಮೆ ಬಿಗಿಯಾಗಿ ಮತ್ತೆ ಸಡಿಲವಾದದ್ದು ಅವನಿಗೆ ತಿಳಿಯಿತು. ಅವಳ ಮುಖ ನೋಡಲಿಲ್ಲ. ಒತ್ತಿದ.

ಕಾಗದ ಟಪ್ಪೆಂದು ಒಡೆಯಿತು. ಕೆಳಗೆ ಏನೂ ಇರಲಿಲ್ಲ. ಮಕ್ಕಳು ಹೋ ಎಂದವು.

ಐದನೆಯದಕ್ಕೆ ಹೋದ. ಅಲ್ಲಿಯೂ ಕೈ ಸಡಿಲವಾಗಿಯೇ ಇತ್ತು. ಒತ್ತಿದ. ಟಪ್. ಮಾಲಿನಿಯ ಅಂಗೈ ತಣ್ಣಗಾಗಿತ್ತು. ಎರಡನೆಯದರ ಮೇಲೆ ಬಂದಾಗ ಜಗನ್‌ನ ಹೆಬ್ಬೆರಳು ಸ್ವಲ್ಪ ಅಲುಗಿದಂತಾಯಿತು. ಅದು ಹೆದರಿಕೆಯೋ ಸುಸ್ತೋ ಗೊತ್ತಾಗಲಿಲ್ಲ. ಶಶಿ ಕಾದ. ಕೈಯ ಭಾರ ಬದಲಾಗಲಿಲ್ಲ. ಒತ್ತಿದ. ಅದೂ ಖಾಲಿ.

ಉಳಿದದ್ದು ನಡುವಿನ ಎರಡು, ಮೂರನೆಯದು ಮತ್ತು ನಾಲ್ಕನೆಯದು.

ಮೂರನೆಯದರ ಮೇಲೆ ಕೈಗಳು ಬಂದು ನಿಂತವು. ಜಗನ್‌ನ ಮಣಿಕಟ್ಟು ಕಲ್ಲಿನಂತೆ ಗಟ್ಟಿಯಾಯಿತು. ಇದೇ ಎಂದುಕೊಂಡು ಶಶಿ ನಾಲ್ಕನೆಯದಕ್ಕೆ ಸರಿದ. ಅಲ್ಲಿಯೂ ಅದು ಅಷ್ಟೇ ಗಟ್ಟಿಯಾಗಿತ್ತು. ತಲೆಯೆತ್ತಿ ನೋಡಿದ. ಜಗನ್ ತುಟಿಯ ಒಂದು ಕೊನೆಯಲ್ಲಿ ನಗುತ್ತಿದ್ದ.

“ನನ್ ಕೈ ಓದ್ತಿದ್ದೀಯಲ್ಲಾ,” ಎಂದ ಮೆಲ್ಲಗೆ. “ಈಗ ಓದು.”

ಕಳೆದ ವರ್ಷ ಉಳಿದವರು ನಗುವಾಗ ಕೈಯನ್ನೇ ನೋಡುತ್ತಿದ್ದವನು ಇವನು ಎಂಬುದನ್ನು ಶಶಿ ಮರೆತಿದ್ದ. ತೋಳು ಬಿಗಿಹಿಡಿದ ಮೇಲೆ ಆ ಕೈಯಲ್ಲಿ ಓದಲು ಏನೂ ಉಳಿದಿರಲಿಲ್ಲ. ಎರಡು ಪೆಟ್ಟಿಗೆ, ಒಂದರಲ್ಲಿ ಮೊಳೆ. ಎಲ್ಲಕ್ಕಿಂತ ಕೆಳಗೆ, ಕಾಗದದಿಂದ ಎರಡು ಬೆರಳು ಮೇಲೆ, ಮಾಲಿನಿಯ ಕೈ.

ಅದು ಅಲುಗುತ್ತಿರಲಿಲ್ಲ. ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ.

ಶಶಿ ಆಗ ಅವಳ ಮುಖ ನೋಡಿದ. ಮಾಲಿನಿ ಜನರನ್ನು ನೋಡುತ್ತಿರಲಿಲ್ಲ, ಪೆಟ್ಟಿಗೆಗಳನ್ನೂ ನೋಡುತ್ತಿರಲಿಲ್ಲ. ಅವನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಾಗಿದೆಯೆಂದು ಅವನಿಗೆ ಗೊತ್ತಾಯಿತು.

ಅವನು ಅವಳ ಕೈಯನ್ನು ಕೆಳಗಿನಿಂದ ಬಿಡಿಸಿ ಪಕ್ಕಕ್ಕೆ ಇಟ್ಟ. ಜನರ ನಡುವಿನಿಂದ ಯಾರೋ ಉಸ್ಸೆಂದರು. “ಹೆಂಡ್ತಿ ಕೈ ಯಾಕಪ್ಪಾ ತೆಗೆದೆ” ಎಂದು ಹಿಂದಿನಿಂದ ಒಂದು ದನಿ ಬಂತು. ಶಶಿ ತಿರುಗಿ ನೋಡಲಿಲ್ಲ. ತನ್ನ ಬಲಗೈಯನ್ನು ಮೂರನೆಯ ಪೆಟ್ಟಿಗೆಯ ಮೇಲೆ ತಂದ. ಜಗನ್‌ನ ಕೈ ಅದರ ಮೇಲೆ ಇನ್ನೂ ಬಿಗಿಯಾಗಿಯೇ ಇತ್ತು.

“ಸಾರ್,” ಎಂದ, ಜಗನ್‌ಗೆ ಮಾತ್ರ ಕೇಳುವಷ್ಟು. “ಗುರುತಿತ್ತು. ಪೇಂಟ್ ಹೊಡೆದು ಮುಚ್ಬುಟ್ಟವ್ರೆ. ನಂಗೆ ಗೊತ್ತಿಲ್ಲ.”

“ಏನ್ ಗೊತ್ತಿಲ್ಲ?”

“ಎಲ್ಲೈತೆ ಅಂತ.”

ಜಗನ್‌ನ ನಗು ಅರ್ಧಕ್ಕೆ ನಿಂತಿತು. ಅವನು ಒಡೆದ ಮೂರು ಪೆಟ್ಟಿಗೆಗಳನ್ನು ನೋಡಿದ. ಮಾಲಿನಿಯನ್ನು ನೋಡಿದ. ಅವಳು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

“ಸುಳ್ಳು ಹೇಳ್ತಿದ್ದೀಯ.”

ಶಶಿಯ ಕೈ ನಡುಗುತ್ತಿತ್ತು, ಅದನ್ನು ತಡೆಯಲು ಅವನು ಪ್ರಯತ್ನಿಸಲೂ ಇಲ್ಲ. ಆ ನಡುಕ ನೇರವಾಗಿ ಜಗನ್‌ನ ಅಂಗೈಗೆ ಹತ್ತುತ್ತಿತ್ತು. ಈಗ ಜಗನ್ ಎರಡರಲ್ಲಿ ಒಂದು ಮಾಡಬಹುದಿತ್ತು. ಬಾಯಿಬಿಟ್ಟು ಹೇಳಿದರೆ ಕಳೆದ ವರ್ಷಕ್ಕಿಂತ ದೊಡ್ಡ ನಗು ಏಳುತ್ತಿತ್ತು. ಸುಮ್ಮನಿದ್ದರೆ ಶಶಿ ಒತ್ತುತ್ತಿದ್ದ. ನಿಲ್ಲಿಸುವ ಗಳಿಗೆಯನ್ನು ತಾನೇ ದಾಟಿ ಬಂದಿದ್ದರಿಂದ ಇನ್ನು ಕೊಡಬೇಕಾದದ್ದು ತನ್ನ ಕೈ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ.

ಭುಜ ಎತ್ತಿದ. ಕೈ ಕೆಳಗೆ ಹೊರಟಿತು.

ಜಗನ್‌ನ ಬೆರಳುಗಳು ಅವನ ಮಣಿಕಟ್ಟನ್ನು ಸುತ್ತಿ ಹಿಡಿದು ಪಕ್ಕಕ್ಕೆಳೆದವು. ಇಬ್ಬರ ಕೈಯೂ ಒಟ್ಟಿಗೆ ನಾಲ್ಕನೆಯ ಪೆಟ್ಟಿಗೆಯ ಮೇಲೆ ಬಿತ್ತು. ಕಾಗದ ಒಡೆದು, ಪೆಟ್ಟಿಗೆ ಮಗುಚಿ, ಮೇಜು ಅಲುಗಿತು. ಅದರೊಳಗೆ ಏನೂ ಇರಲಿಲ್ಲ.

ಜಗನ್ ಉಸಿರೆಳೆದುಕೊಂಡು ಮೂರನೆಯ ಪೆಟ್ಟಿಗೆಯ ಕಾಗದ ಕಿತ್ತು ಜನರಿಗೆ ತೋರಿಸಿದ. ಮೊಳೆ ನೆಟ್ಟಗೆ ನಿಂತಿತ್ತು. ಕ್ಯಾಂಟೀನಿನ ಎಲ್ಲ ಮೂಲೆಗಳಿಂದ ಒಟ್ಟಿಗೇ ಚಪ್ಪಾಳೆ ಎದ್ದಿತು. ಯಾರೂ ಯಾರಿಗೂ ಅರ್ಥ ಹೇಳಬೇಕಾಗಿ ಬರಲಿಲ್ಲ. ಮೊಳೆಯತ್ತ ಹೋಗುತ್ತಿದ್ದ ಕೈಯನ್ನು ಜಾದುಗಾರ ಕೊನೆಯ ಗಳಿಗೆಯಲ್ಲಿ ಸೂಪರ್‌ವೈಸರನ ಕೈಯಿಂದಲೇ ತಿರುಗಿಸಿದ ಎಂದು ಜನ ತಿಳಿದರು. ಜಗನ್ ಅದನ್ನು ತಿದ್ದಲಿಲ್ಲ.

ಕೆಳಗಿಳಿದ ಮೇಲೆ ಪುರಿಯ ಪೊಟ್ಟಣಗಳ ಮೇಜಿನ ಹತ್ತಿರ ಜಗನ್ ಅವನ ಪಕ್ಕಕ್ಕೆ ಬಂದ.

“ನಿಂಗೆ ತಲೆ ನೆಟ್ಟಗಿಲ್ಲ ಕಣೋ,” ಎಂದ. ಅವನ ಹಣೆ ಇನ್ನೂ ಬೆವರುತ್ತಿತ್ತು. “ನಾನು ಎಳೀದಿದ್ರೆ?”

“ಗೊತ್ತಿಲ್ಲ ಸಾರ್.”

“ಇನ್ಮೇಲೆ ಗುರುತು ಗಿರುತು ಇಟ್ಕೋಬೇಡ. ಗುರುತಿದ್ದಾಗ ನಿನ್ ಮುಖ ನೋಡಿದ್ದೀನಿ, ದಿನಾ ಅದೇ ಸಾರು ಬಡಿಸೋ ಅಡುಗೆ ಭಟ್ಟನ ಥರ ಇರ್ತಿತ್ತು. ಇವತ್ತು ನೋಡೋ ಹಾಗಿತ್ತು.” ಹೇಳಿ, ಒಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡು ಹೋದ.

ಬೈಕು ಗೇಟು ದಾಟಿತು. ಮಾಲಿನಿ ಇನ್ನೂ ತಪ್ಪು ಎಣಿಸಲು ಶುರುಮಾಡಿರಲಿಲ್ಲ. ಹೆದ್ದಾರಿಯಲ್ಲಿ ಬಂಪರಿಗೆ ಬಾಳೆಕಂದು ಕಟ್ಟಿಕೊಂಡ ಲಾರಿಗಳು ನಿಧಾನವಾಗಿ ಹೋಗುತ್ತಿದ್ದವು. ಶಶಿ ಅವುಗಳ ಹಿಂದೆಯೇ ಸುಮ್ಮನೆ ಬಂದ, ಒಂದನ್ನೂ ಹಿಂದೆ ಹಾಕಲಿಲ್ಲ. ಅವಲಪಲ್ಲಿಯ ತಿರುವಿನಲ್ಲಿ ಅವನೇ ಬಾಯಿಬಿಟ್ಟ.

“ಚಿನ್ನಸ್ವಾಮಿ ಪುಟ್ಟಿ ತುಂಬಿದ್ದ. ಹೇಳೋಣ ಅಂದ್ರೆ ಜಗನ್ ಅಲ್ಲೇ ಇದ್ದ.”

“ಹೂಂ.”

“ನಿಂಗೆ ಯಾವಾಗ ಗೊತ್ತಾಯ್ತು?”

ಅಷ್ಟರಲ್ಲಿ ಮನೆ ಬಂತು. ಬೀಗ ತೆಗೆದು, ಕಾಲು ತೊಳೆದು, ದೇವರ ಮುಂದೆ ಪುರಿಯ ಪೊಟ್ಟಣ ಇಟ್ಟು ಅಡುಗೆಮನೆಗೆ ಹೋದಳು. ಶಶಿ ಬಾಗಿಲಲ್ಲಿ ನಿಂತ.

“ಮೊದ್ಲನೇ ಪೆಟ್ಗೆ ಮೇಲೆ ತಡೆದ್ರಲ್ಲ, ಆಗ್ಲೇ,” ಎಂದಳು. “ಮೂರು ಕೈ ಇಟ್ಟಿದ್ದು ಒಳ್ಳೇದಾಯ್ತು. ಜನ ಉಸಿರು ಬಿಟ್ಟಿರ್ಲಿಲ್ಲ. ಕೊನೇಲಿ ನನ್ ಕೈ ತೆಗೆದು ನಿಮ್ದು ಇಟ್ರಲ್ಲ, ಅದು ಇನ್ನೂ ಚೆನ್ನಾಗಿತ್ತು. ಅದನ್ನ ಹಂಗೇ ಉಳಿಸ್ಕೊಳಿ.”

ಎಂದಿನ ದನಿಯಲ್ಲೇ ಹೇಳುತ್ತಿದ್ದಳು. ಶಶಿ ತಲೆಯಾಡಿಸಿದ.

“ಒಂದೇ ತಪ್ಪು,” ಎಂದಳು. “ನಿಮ್ ಕೈ ಮೊದ್ಲನೇ ಪೆಟ್ಗೆಗೇ ಬರ್ಬೇಕಿತ್ತು. ಮೂರು ಪೆಟ್ಗೆ ಕಾದೆ ನಾನು.”

ಗೋಡೆಗೆ ಒರಗಿಸಿದ್ದ ಈಳಿಗೆಮಣೆಯನ್ನು ಅವಳೇ ತೆಗೆದು ನೆಲದ ಮೇಲೆ ಇಟ್ಟಳು. ಅದರ ಮುಂದೆ ಕೂತು, ಒಂದು ಬದನೆಕಾಯಿ ಎತ್ತಿಕೊಂಡಳು.

“ಕೊಡು ಇಲ್ಲಿ, ನಾನ್ ಹೆಚ್ತೀನಿ,” ಎಂದು ಶಶಿ ಕೈ ಚಾಚಿದ.

ಮಾಲಿನಿ ತಲೆಯೆತ್ತಲಿಲ್ಲ. ಬದನೆಕಾಯಿಯನ್ನು ಬಲಗೈಯಲ್ಲಿ ಹಿಡಿದು ಅಲಗಿಗೆ ಒತ್ತಿದಳು.